ಬಟ್ಟೆ ಒಗೆಯುವ ಕೋಣೆಗೆ ಟೈಲ್ಸ್ ಹಾಕುವ ಮುಂಚೆ ಗೋಡೆಯ ದೋಷ ಹುಡುಕುವುದು, ಸರಿಪಡಿಸುವುದು

ಟೈಲ್ಸ್ ಉದುರಿದಾಗ ಎಲ್ಲರೂ ಮೊದಲು ದೂರುವುದು ಟೈಲ್ಸನ್ನು, ಇಲ್ಲವೇ ಅದರ ಅಂಟನ್ನು. ಆದರೆ ಬಟ್ಟೆ ಒಗೆಯುವ ಕೋಣೆಯಲ್ಲಿ ಬಹಳ ಸಲ ತಪ್ಪು ಇರುವುದು ಹಿಂದಿನ ಗೋಡೆಯಲ್ಲಿ. ಈ ಗೋಡೆಗೆ ಬರುವಷ್ಟು ಕಷ್ಟ ಮನೆಯ ಬೇರೆ ಗೋಡೆಗಳಿಗೆ ಬರುವುದಿಲ್ಲ. ಒಳಗಡೆ ನೀರು ತರುವ ಪೈಪ್, ಮೆಷಿನ್ನಿನ ನೀರು ಹೊರಗೆ ಹಾಕುವ ಪೈಪ್, ಎದುರಿಗೆ ಸಿಂಕಿನಿಂದ ಎರಚುವ ಸೋಪಿನ ನೀರು, ಒದ್ದೆ ಬಟ್ಟೆಯಿಂದ ಏಳುವ ಹಸಿ ಗಾಳಿ, ಇದರ ಮೇಲೆ ಮೆಷಿನ್ ಜೋರಾಗಿ ತಿರುಗುವಾಗಿನ ಅದುರು ಬೇರೆ. ಮನೆ ರಿಪೇರಿ ಮಾಡಿಸುವಾಗ ಈ ಕೋಣೆಯ ಗೋಡೆ ತೆರೆದು ನೋಡಲು ಒಂದೇ ಅವಕಾಶ ಸಿಗುತ್ತದೆ. ಟೈಲ್ಸ್ ಕೂತ ಮೇಲೆ ಮುಗಿಯಿತು.

ಒಂದು ವಿಷಯದಲ್ಲಿ ನಾನು ಹಠ ಹಿಡಿಯುತ್ತೇನೆ. ಗೋಡೆಯಲ್ಲಿ ತೇವ ಇದ್ದರೆ ಅದು ಎಲ್ಲಿಂದ ಬರುತ್ತಿದೆ ಅಂತ ಖಚಿತವಾಗುವವರೆಗೆ ಹೊಸ ಗಾರೆಯ ಒಂದು ಕರಣೆಯೂ ಗೋಡೆಗೆ ಬೀಳಬಾರದು. ಉಳಿದ ದೋಷಗಳಿಗೆಲ್ಲ ಆಮೇಲೆ ಮದ್ದು ಇದೆ. ನೀರಿನ ಮೂಲ ಮಾತ್ರ ಒಳಗೆ ಉಳಿದರೆ ನೀವು ಮಾಡಿದ ಬೇರೆ ಯಾವ ಕೆಲಸವೂ ನಿಲ್ಲುವುದಿಲ್ಲ.

ಉಳಿ ಹಿಡಿಯುವ ಮುಂಚೆ

ಆ ಕೋಣೆಯ ಕರೆಂಟನ್ನು ಮೇನ್ ಬೋರ್ಡಿನಲ್ಲೇ ಆಫ್ ಮಾಡಿ. ಟೆಸ್ಟರ್ ಇಟ್ಟು ನೋಡಿ. ಮೆಷಿನ್ನಿನ ಪಾಯಿಂಟ್, ಗೀಸರ್ ಪಾಯಿಂಟ್ ಎರಡೂ ಸಾಮಾನ್ಯವಾಗಿ ಬೇರೆ ಬೇರೆ ಲೈನಿನಲ್ಲಿ ಇರುತ್ತವೆ, ಒಂದು ಆಫ್ ಮಾಡಿ ಸುಮ್ನೆ ಕೂರಬೇಡಿ. ಕನ್ನಡಕ, ಒಳ್ಳೆಯ ಧೂಳಿನ ಮಾಸ್ಕ್ ಬೇಕೇ ಬೇಕು. ಗ್ರೈಂಡರಿನಿಂದ ಗಾರೆ ಕತ್ತರಿಸುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ, ಬಟ್ಟೆ ಕಟ್ಟಿಕೊಂಡರೆ ಅದು ನಿಲ್ಲುವುದೂ ಇಲ್ಲ.

ಮನೆ ಹಳೆಯದಾಗಿದ್ದು ಗೋಡೆ ಸಿಮೆಂಟ್ ಶೀಟಿನದಾಗಿದ್ದರೆ ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಅಂಥ ಶೀಟನ್ನು ಒಡೆಯಬೇಡಿ, ಕೊರೆಯಬೇಡಿ, ಉಜ್ಜಬೇಡಿ. ಮೊದಲು ಒಂದು ಚೂರನ್ನು ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿ, ಆ ಚೂರು ತೆಗೆಯುವುದನ್ನೂ ತಿಳಿದವರಿಗೇ ಬಿಡಿ. ತುಂಬ ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಅದನ್ನೂ ಒಣಗಿದ ಹಾಗೇ ಉಜ್ಜಬಾರದು.

ಹಳೆಯ ಟೈಲ್ಸ್ ಇದ್ದರೆ ಅದರ ಬೆನ್ನು ನೋಡಿ

ಗೋಡೆಯ ಮೇಲೆ ಈಗಾಗಲೇ ಟೈಲ್ಸ್ ಇದ್ದು, ಕೆಲವು ಬಿದ್ದಿದ್ದರೆ ಅಥವಾ ಅಲ್ಲಾಡುತ್ತಿದ್ದರೆ, ಅವನ್ನು ಕಸಕ್ಕೆ ಎಸೆಯುವ ಮುಂಚೆ ತಿರುಗಿಸಿ ನೋಡಿ. ಎಲ್ಲಿ ಬಿಟ್ಟುಕೊಂಡಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಬೆನ್ನು ಹೊಸದರ ಹಾಗೆ ಸ್ವಚ್ಛವಾಗಿದ್ದು, ಅಂಟೆಲ್ಲ ಗೋಡೆಯಲ್ಲೇ ಗೆರೆಗೆರೆಯಾಗಿ ಉಳಿದಿದ್ದರೆ, ಅಂಟು ಹಚ್ಚಿ ತುಂಬ ಹೊತ್ತು ಬಿಟ್ಟು ಟೈಲ್ಸ್ ಕೂರಿಸಿದ್ದಾರೆ, ಮೇಲೆ ಕೆನೆ ಕಟ್ಟಿದೆ ಅಂತ ಅರ್ಥ. ಇದು ಗೋಡೆಯ ತಪ್ಪಲ್ಲ. ಅಂಟಿನ ಜೊತೆ ಬಣ್ಣದ ಪೊರೆಯೂ ಎದ್ದು ಬಂದಿದ್ದರೆ ಬಣ್ಣದ ಮೇಲೇ ಟೈಲ್ಸ್ ಹಾಕಿದ್ದಾರೆ. ಬಿಳಿ ಪುಡಿಯಂಥ ಪದರ ಬಂದಿದ್ದರೆ ಪುಟ್ಟಿ ಅಥವಾ ಜಿಪ್ಸಮ್. ಮರಳು ಮರಳಾದ ಗಾರೆ ಅಂಟಿಕೊಂಡು ಬಂದಿದ್ದರೆ ಗಾರೆಗೇ ಬಲ ಇಲ್ಲ. ಗಾರೆ ದಪ್ಪ ಹೆಂಟೆಯಾಗಿ ಇಟ್ಟಿಗೆಯಿಂದಲೇ ಬಿಟ್ಟು ಬಂದಿದ್ದರೆ ಇಟ್ಟಿಗೆಗೂ ಗಾರೆಗೂ ಹಿಡಿತ ಇರಲಿಲ್ಲ. ಬೆನ್ನಿನ ಮೇಲೆ ಐದಾರು ಗುಡ್ಡೆ ಅಂಟು ಮಾತ್ರ ಇದ್ದು ನಡುವೆ ಖಾಲಿ ಇದ್ದರೆ ಗೋಡೆ ಸೊಟ್ಟ ಇತ್ತು, ಅದನ್ನು ಮುಚ್ಚಲು ಗುಡ್ಡೆ ಹಾಕಿ ಕೂರಿಸಿದ್ದಾರೆ. ಆ ಖಾಲಿ ಜಾಗದಲ್ಲಿ ನೀರು ನಿಲ್ಲುತ್ತದೆ.

ಒಂದೇ ಗೋಡೆಯ ಬೇರೆ ಬೇರೆ ಕಡೆ ಬೇರೆ ಬೇರೆ ಉತ್ತರ ಸಿಗಬಹುದು. ಹಾಗಾಗಿ ಮೇಲೆ, ಕೆಳಗೆ, ನಲ್ಲಿಯ ಹತ್ತಿರ, ಮೂಲೆಯಲ್ಲಿ, ಎಲ್ಲ ಕಡೆಯ ಒಂದೊಂದು ಟೈಲ್ಸ್ ತೆಗೆದು ನೋಡಿ.

ಗೋಡೆ ಒದ್ದೆ ಇದೆ, ಉಪ್ಪು ಬಿಟ್ಟಿದೆ, ಕಪ್ಪು ಚುಕ್ಕೆ ಬಂದಿದೆ

ಇಲ್ಲಿ ಜಾಸ್ತಿ ಹೊತ್ತು ಕಳೆಯಿರಿ. ಗೋಡೆ ಒದ್ದೆಯಾಗಲು ಹತ್ತಾರು ದಾರಿ ಇಲ್ಲ. ನೀರು ತರುವ ಪೈಪ್ ಸೋರಬಹುದು, ಹೊರಗೆ ಹಾಕುವ ಪೈಪ್ ಸೋರಬಹುದು, ನೆಲದಿಂದ ತೇವ ಏರಬಹುದು, ಹೊರಗಿನ ಮಳೆ ನೀರು ಒಳಗೆ ಬರಬಹುದು, ಇಲ್ಲವೇ ಕೋಣೆಯ ಹಸಿ ಗಾಳಿಯೇ ತಣ್ಣನೆಯ ಗೋಡೆಯ ಮೇಲೆ ನೀರಾಗಿ ಕೂರಬಹುದು. ಒಂದೊಂದಕ್ಕೂ ನಡತೆ ಬೇರೆ.

ಮೊದಲು ಒದ್ದೆ ಕಲೆಯ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಇದಕ್ಕೆ ಖರ್ಚಿಲ್ಲ, ಆದರೆ ಇದರಷ್ಟು ಸತ್ಯ ಹೇಳುವ ಉಪಕರಣ ಇನ್ನೊಂದಿಲ್ಲ. ಕೆಲವು ದಿನ ಮೆಷಿನ್ ಹಾಕಬೇಡಿ, ಸಿಂಕ್ ಬಳಸಬೇಡಿ. ಕಲೆ ಒಳಗೆ ಸರಿದು ಒಣಗುತ್ತಾ ಬಂದರೆ ನೀರು ಬಳಕೆಯ ಜೊತೆ ಬರುತ್ತಿದೆ, ಅಂದರೆ ಹೊರಹಾಕುವ ಪೈಪಿನ ಮೇಲೆ ಅನುಮಾನ. ಬಳಸದೇ ಇದ್ದರೂ ಕಲೆ ಹಾಗೇ ಇದ್ದರೆ ಅಥವಾ ದೊಡ್ಡದಾದರೆ, ನೀರು ತರುವ ಪೈಪನ್ನು ನೋಡಬೇಕು, ಯಾಕೆಂದರೆ ಅದರಲ್ಲಿ ಒತ್ತಡ ಹಗಲೂ ರಾತ್ರಿ ಇರುತ್ತದೆ. ಮಳೆ ಬಂದ ಮಾರನೆಯ ದಿನ ಮಾತ್ರ ಕಲೆ ಬೆಳೆದರೆ ಹೊರಗೋಡೆಯ ಬಿರುಕು, ಕಿಟಕಿಯ ಸಂದು, ಮೇಲಿನ ತಾರಸಿ ನೋಡಿ.

ನೀರು ತರುವ ಪೈಪಿನ ಅನುಮಾನ ಇದ್ದರೆ ಮನೆಯ ಎಲ್ಲ ನಲ್ಲಿ ಮುಚ್ಚಿ. ನೀರಿನ ಮೀಟರ್ ಇದ್ದರೆ ಅದರ ಅಂಕಿ ಬರೆದುಕೊಂಡು ಎರಡು ಗಂಟೆ ಬಿಟ್ಟು ನೋಡಿ. ಮೀಟರಿನ ನಂತರ ಮೇಲೆ ಟ್ಯಾಂಕ್ ಇದ್ದರೆ ಮೀಟರ್ ನಂಬಿ ಪ್ರಯೋಜನ ಇಲ್ಲ, ಟ್ಯಾಂಕಿಗೆ ನೀರು ಬರುವುದನ್ನು ನಿಲ್ಲಿಸಿ ಒಳಗಿನ ಮಟ್ಟಕ್ಕೆ ಗುರುತು ಹಾಕಿ ಬೆಳಿಗ್ಗೆ ನೋಡಿ. ಆದರೆ ಸಣ್ಣ ಜಿನುಗು ಇದರಲ್ಲಿ ಸಿಗುವುದಿಲ್ಲ. ಖಚಿತ ಬೇಕಾದರೆ ಪ್ಲಂಬರ್ ಹತ್ತಿರ ಪ್ರೆಷರ್ ಟೆಸ್ಟ್ ಪಂಪ್ ಇರುತ್ತದೆ. ಲೈನಿನ ಬಾಯಿಗಳನ್ನೆಲ್ಲ ಮುಚ್ಚಿ, ಒಳಗೆ ಒತ್ತಡ ಏರಿಸಿ, ಗೇಜಿನ ಮುಳ್ಳು ಇಳಿಯುತ್ತದೆಯೇ ಅಂತ ನೋಡುತ್ತಾರೆ. ಪ್ಲಾಸ್ಟಿಕ್ ಪೈಪ್ ಆಗಿದ್ದರೆ ಮೊದಲು ಸ್ವಲ್ಪ ಹಿಗ್ಗುವುದರಿಂದ ಮುಳ್ಳು ಚೂರು ಇಳಿಯುವುದು ಸಹಜ. ಮತ್ತೆ ಒತ್ತಡ ಏರಿಸಿ ಆಮೇಲಿನದನ್ನು ಲೆಕ್ಕಕ್ಕೆ ಹಿಡಿಯಬೇಕು. ಪೈಪೇನೂ ಹಾಳಾಗಿಲ್ಲ ಅಂತ ಬಂದರೂ ಮೆಷಿನ್ನಿನ ನಲ್ಲಿಯನ್ನು ಬಿಚ್ಚಿ ನೋಡಿ. ನಲ್ಲಿ ಗೋಡೆಯೊಳಗಿನ ಎಲ್ಬೋಗೆ (ಪೈಪ್ ತಿರುಗುವ ಮೊಣಕೈಯಂಥ ತುಂಡಿಗೆ) ಸೇರುವ ತಿರುಪು ಥ್ರೆಡ್ಡಿನ ಹತ್ತಿರ ಟೇಪು ಸರಿಯಾಗಿ ಸುತ್ತಿರದಿದ್ದರೆ ನೀರು ಹೊರಗೆ ತೊಟ್ಟಿಕ್ಕುವುದಿಲ್ಲ, ಥ್ರೆಡ್ಡಿನ ಉದ್ದಕ್ಕೂ ಹಿಂದಕ್ಕೆ ಜಿನುಗಿ ಗೋಡೆಗೆ ಇಳಿಯುತ್ತದೆ. ನಲ್ಲಿಯ ಬುಡದ ಬಿಲ್ಲೆ ಅದನ್ನು ಚೆನ್ನಾಗಿ ಮುಚ್ಚಿಡುತ್ತದೆ. ನಲ್ಲಿಯ ಕೆಳಗೆ ಮಾತ್ರ ಬೀಸಣಿಗೆಯ ಹಾಗೆ ಅಗಲವಾಗುತ್ತಾ ಇಳಿದ ಕಲೆ ಕಂಡರೆ ನಾನು ಮೊದಲು ಕೈ ಹಾಕುವುದು ಅಲ್ಲಿಗೇ.

ಹೊರಹಾಕುವ ಪೈಪಿನ ಪರೀಕ್ಷೆ ಇನ್ನೂ ಸುಲಭ. ಗೋಡೆ ಸ್ವಲ್ಪ ಒಣಗಿದ ಮೇಲೆ, ನಲ್ಲಿ ಮುಟ್ಟದೆ, ಬೇರೆ ಕಡೆಯಿಂದ ತಂದ ಬಕೆಟ್ ನೀರಿಗೆ ಅಡುಗೆ ಬಣ್ಣ ಕಲಸಿ ಮೆಷಿನ್ನಿನ ಪೈಪ್ ಸೇರುವ ಬಾಯಿಗೆ ಸುರಿಯಿರಿ. ಗೋಡೆಯಲ್ಲಿ ಬಣ್ಣ ಕಂಡರೆ ಅನುಮಾನವೇ ಇಲ್ಲ. ಬಣ್ಣ ಕಾಣಲಿಲ್ಲ ಅಂತ ಪೈಪಿಗೆ ಕ್ಲೀನ್ ಚಿಟ್ ಕೊಡಬೇಡಿ, ಗಾರೆ ಬಣ್ಣವನ್ನು ಸೋಸಿ ನೀರನ್ನಷ್ಟೇ ಬಿಡುವುದುಂಟು. ಪೆನ್ಸಿಲ್ ಗೆರೆ ದಾಟಿ ಕಲೆ ಬೆಳೆಯಿತೇ ಅನ್ನುವುದೇ ಮುಖ್ಯ. ಇನ್ನೊಂದು, ಮೆಷಿನ್ ನೀರನ್ನು ಪಂಪಿನಿಂದ ರಭಸವಾಗಿ ಹೊರಹಾಕುತ್ತದೆ. ಗೋಡೆಯೊಳಗಿನ ಪೈಪ್ ಸಣ್ಣದಾಗಿದ್ದರೆ ಅಥವಾ ಬಟ್ಟೆಯ ನಾರು ಕಟ್ಟಿ ಅರ್ಧ ಮುಚ್ಚಿದ್ದರೆ ನೀರು ಮೇಲಕ್ಕೆ ಉಕ್ಕಿ ಬಾಯಿಯಿಂದ ಗೋಡೆಯ ಹಿಂದೆ ಬೀಳುತ್ತದೆ. ಇದನ್ನು ಬಕೆಟ್ಟಿನ ನಿಧಾನ ಧಾರೆ ತೋರಿಸುವುದಿಲ್ಲ. ಮೆಷಿನ್ ನೀರು ಬಿಡುವಾಗ ಟಾರ್ಚ್ ಹಿಡಿದು ಪಕ್ಕದಲ್ಲೇ ನಿಂತು ನೋಡಬೇಕು.

ನೆಲದಿಂದ ಏರುವ ತೇವ ಗೋಡೆಯ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಅಲೆಯ ಗೆರೆ ಹಾಗೆ ನಿಲ್ಲುತ್ತದೆ, ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸಿಗಿಂತ ಮೇಲೆ ಹೋಗುವುದು ಅಪರೂಪ. ಮಣ್ಣಿಗೆ ತಾಗಿದ ನೆಲ ಅಂತಸ್ತಿನಲ್ಲಿ ಮಾತ್ರ ಇದು ಸಾಧ್ಯ. ಎರಡನೆಯ ಮಹಡಿಯ ಗೋಡೆಗೆ ಯಾರಾದರೂ ಇದೇ ಕಾರಣ ಹೇಳಿದರೆ ಒಪ್ಪಬೇಡಿ.

ಹಸಿ ಗಾಳಿಯ ತೇವ ಹೊರಗೋಡೆಯ ಒಳಮೈಗೆ, ಮೂಲೆಗಳಿಗೆ, ಮೆಷಿನ್ನಿನ ಹಿಂದೆ ಗಾಳಿ ಆಡದ ಕಡೆ ಬರುತ್ತದೆ. ಕಪ್ಪು ಬೂಷ್ಟು ಚುಕ್ಕೆ ಚುಕ್ಕೆಯಾಗಿ ಕೂರುತ್ತದೆ. ಮೇಲ್ಮೈ ಒದ್ದೆ, ಆದರೆ ಮೊಳೆಯಿಂದ ಕೆರೆದು ಒಳಗೆ ನೋಡಿದರೆ ಗಾರೆ ಒಣಗಿರುತ್ತದೆ. ಅನುಮಾನ ಇದ್ದರೆ ಎರಡು ಕೈ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಹಾಕಿ 24 ಗಂಟೆ ಬಿಡಿ. ಹಾಳೆಯ ಒಳಮೈ ಬೆವರಿದ್ದರೆ ಅಥವಾ ಅದರ ಹಿಂದಿನ ಗೋಡೆ ಕಪ್ಪಾಗಿದ್ದರೆ ತೇವ ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆಯ ಮೈ ಬೆವರಿದ್ದರೆ ಗಾಳಿಯ ತೇವ. ಅದಕ್ಕೆ ಮದ್ದು ಎಕ್ಸಾಸ್ಟ್ ಫ್ಯಾನ್. ಬಟ್ಟೆ ಒಣಗಿಸುವ ಮೆಷಿನ್ ಇದ್ದರೆ ಅದರ ಗಾಳಿಯನ್ನು ಪೈಪಿನಲ್ಲಿ ಹೊರಗೆ ಬಿಡುವ ವ್ಯವಸ್ಥೆಯೂ ಬೇಕು.

ತೇವ ಅಳೆಯುವ ಮೀಟರ್ ತಂದು ಚುಚ್ಚುವವರಿಗೆ ಒಂದು ಎಚ್ಚರಿಕೆ. ಎರಡು ಮುಳ್ಳಿನ ಮೀಟರ್ ಅಳೆಯುವುದು ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಅನ್ನುವುದನ್ನು. ಉಪ್ಪು ಬಿಟ್ಟ ಗೋಡೆಯಲ್ಲಿ ಅದು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಅಂಕಿಗಿಂತ, ಒಣ ಗೋಡೆಗೂ ಈ ಗೋಡೆಗೂ ಇರುವ ವ್ಯತ್ಯಾಸ ನೋಡಿ.

ಮೂಲ ಸಿಕ್ಕಿ ಸರಿಯಾದ ಮೇಲೆ ಉಪ್ಪಿನ ಕೆಲಸ. ಬಿಳಿ ಹಿಟ್ಟಿನ ಹಾಗೆ ಕೂತ ಉಪ್ಪನ್ನು ಒಣ ಬ್ರಷ್ಷಿನಿಂದ ಕೆರೆದು ಎತ್ತಿ ಹೊರಗೆ ಹಾಕಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ, ಒಣಗುವಾಗ ಮತ್ತೆ ಹೊರಗೆ ಬರುತ್ತದೆ, ಬರುವಾಗ ಟೈಲ್ಸಿನ ಅಂಟನ್ನೂ ತಳ್ಳುತ್ತದೆ. ಗಾರೆ ಉಬ್ಬಿ ಪುಡಿಯಾಗಿದ್ದರೆ ಕಲೆ ಕಾಣುವ ಜಾಗಕ್ಕಿಂತ ಒಂದು ಅಡಿ ಮೇಲಿನವರೆಗೂ ಇಟ್ಟಿಗೆ ಕಾಣುವ ತನಕ ಕಿತ್ತುಬಿಡಿ. ಆಮೇಲೆ ಒಣಗಲು ಬಿಡಿ. ನೆನೆದ ಇಟ್ಟಿಗೆ ಗೋಡೆ ಒಂದು ಇಂಚು ಒಣಗಲು ಸುಮಾರು ಒಂದು ತಿಂಗಳು ಅನ್ನುವ ಲೆಕ್ಕ ಕಟ್ಟಡ ಕೆಲಸದಲ್ಲಿದೆ. ಕಿಟಕಿ ತೆರೆದು ಫ್ಯಾನ್ ಹಾಕಿದರೆ ಬೇಗ ಆಗಬಹುದು, ಆದರೆ ಒಂದು ವಾರದಲ್ಲಿ ಆಗುವ ಕೆಲಸ ಅಲ್ಲ. ಕೆಲಸದವರು ಅವಸರ ಮಾಡಿದರೆ ಅವರನ್ನು ಬೇರೆ ಕೋಣೆಗೆ ಹಾಕಿ.

ಮೂಲ ಸಿಗಲಿಲ್ಲ ಅಂತ ಒಳಗಿನಿಂದ ವಾಟರ್‌ಪ್ರೂಫಿಂಗ್ ಬಳಿದು ಮುಗಿಸುವವರನ್ನು ನೋಡಿದರೆ ನನಗೆ ನಿಜವಾಗಿಯೂ ಬೇಸರ ಆಗುತ್ತದೆ. ನೀರು ಹಿಂದಿನಿಂದ ಬರುತ್ತಿರುವಾಗ ಮುಂದಿನ ಪದರ ಅದನ್ನು ತಡೆದು ಹಿಡಿಯುವುದಿಲ್ಲ, ಗುಳ್ಳೆ ಗುಳ್ಳೆಯಾಗಿ ಗೋಡೆಯಿಂದ ಬಿಡುತ್ತದೆ. ಆ ಗುಳ್ಳೆಯ ಮೇಲೆ ನಿಮ್ಮ ಟೈಲ್ಸ್ ಕೂತಿರುತ್ತದೆ.

ತಟ್ಟಿದರೆ ಟೊಳ್ಳು ಸದ್ದು

ಸ್ಕ್ರೂಡ್ರೈವರಿನ ಹಿಡಿಯಿಂದ ಗೋಡೆಯನ್ನು ಗೇಣು ಗೇಣಿಗೂ ತಟ್ಟುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಸದ್ದು ಚಿಕ್ಕದಾಗಿ, ತೀಕ್ಷ್ಣವಾಗಿ ಕೇಳುತ್ತದೆ. ಗಾರೆ ಇಟ್ಟಿಗೆಯಿಂದ ಬಿಟ್ಟ ಕಡೆ ಡಬ್ ಡಬ್ ಅನ್ನುತ್ತದೆ. ಸೀಮೆಸುಣ್ಣದಿಂದ ಅಂಚು ಗುರುತು ಮಾಡಿ. ಪೂರ್ತಿ ಗೋಡೆ ಮುಗಿದ ಮೇಲೆ ದೂರ ನಿಂತು ನೋಡಿ. ಅಲ್ಲಲ್ಲಿ ಒಂದೆರಡು ತೇಪೆ ಇದ್ದರೆ ಅಷ್ಟನ್ನೇ ತೆಗೆಯಬಹುದು. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಗುರುತು ಬಿದ್ದಿದ್ದರೆ ಆ ಗೋಡೆಯ ಗಾರೆ ಪೂರ್ತಿ ಕೀಳಿಸುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಉಳಿದದ್ದೂ ಉಳಿ ಪೆಟ್ಟಿಗೆ ಅದುರಿ ಬಿಡುತ್ತದೆ.

ಬಣ್ಣದ ಗೋಡೆಯಲ್ಲಿ ಸಣ್ಣ ಟೊಳ್ಳು ಇದ್ದರೆ ವರ್ಷಗಟ್ಟಲೆ ನಡೆಯುತ್ತದೆ. ಟೈಲ್ಸಿಗೆ ಹಾಗೆ ಆಗುವುದಿಲ್ಲ, ತೂಕ ಇದೆ. 10 ಮಿ.ಮೀ. ದಪ್ಪದ ವಿಟ್ರಿಫೈಡ್ ಟೈಲ್ಸ್ ಒಂದು ಚದರ ಮೀಟರಿಗೆ ಸುಮಾರು 23 ಕೆ.ಜಿ. ತೂಗುತ್ತದೆ. ಅಂಟು ಸೇರಿದರೆ ಇನ್ನೂ ನಾಲ್ಕೈದು ಕೆ.ಜಿ.

ತೇಪೆ ಹಾಕುವಾಗ ಅಂಚನ್ನು ಗ್ರೈಂಡರಿನಿಂದ ಚೌಕವಾಗಿ ಕತ್ತರಿಸಿ. ಒಳಗೆ ಇಟ್ಟಿಗೆ ಸಂದಿನ ಗಾರೆಯನ್ನು ಒಂದು ಸೆಂಟಿಮೀಟರ್ ಆಳಕ್ಕೆ ಕೆರೆಯಿರಿ, ಹೊಸ ಗಾರೆ ಹಲ್ಲು ಹಿಡಿಯುವುದು ಅಲ್ಲೇ. ಧೂಳು ಪೂರ್ತಿ ಹೋಗಬೇಕು. ಇಟ್ಟಿಗೆಗೆ ನೀರು ಕುಡಿಸಿ, ಆದರೆ ಮೇಲೆ ನೀರು ಹೊಳೆಯುತ್ತಿರುವಾಗ ಗಾರೆ ಹಾಕಬೇಡಿ. ಸಿಮೆಂಟ್ 1, ಮರಳು 4 ಸಾಕು. ಸಿಮೆಂಟ್ ಜಾಸ್ತಿ ಹಾಕಿದರೆ ಗಟ್ಟಿ ಆಗುತ್ತದೆ ಅಂತ ಸುರಿಯುವವರಿದ್ದಾರೆ, ಆಗುವುದು ಕೂದಲೆಳೆ ಬಿರುಕು. ಒಂದು ಪದರ 12ರಿಂದ 15 ಮಿ.ಮೀ. ದಪ್ಪ ಇರಲಿ. ಅದಕ್ಕಿಂತ ಆಳ ಇದ್ದರೆ ಮೊದಲ ಪದರದ ಮೇಲೆ ಗೀರು ಹಾಕಿ ಬಿಟ್ಟು ಮಾರನೆಯ ದಿನ ಎರಡನೆಯದು. ಮೇಲ್ಮೈಯನ್ನು ಮರದ ಹಲಗೆಯಿಂದ ಒರಟಾಗಿಯೇ ಬಿಡಿಸಿ. ಮೇಸ್ತ್ರಿಗಳು ಅಭ್ಯಾಸಬಲದಿಂದ ಸಿಮೆಂಟ್ ನೀರು ಹಾಕಿ ಕರಣೆಯಲ್ಲಿ ನುಣ್ಣಗೆ ಉಜ್ಜಿಬಿಡುತ್ತಾರೆ, ಮೊದಲೇ ಹೇಳಿ ನಿಲ್ಲಿಸಿ. ಕನ್ನಡಿಯಂಥ ಗೋಡೆ ಟೈಲ್ಸಿಗೆ ಬೇಡ.

ಸದ್ದು ಗಟ್ಟಿ ಇದ್ದರೂ ಗಾರೆ ಬಲಹೀನ ಇರಬಹುದು. ಮೊಳೆಯಿಂದ ಒತ್ತಿ ಗೀರಿ. ಬಿಳಿ ಗೀರು ಮಾತ್ರ ಬಿದ್ದರೆ ಒಳ್ಳೆಯದು. ಸಾಲು ತೋಡಿಕೊಂಡು ಮರಳು ಉದುರಿದರೆ ಆ ಗಾರೆಗೆ ಕ್ಯೂರಿಂಗ್ (ನೀರು ಹಾಕಿ ಬಲಿಸುವುದು) ಆಗಿಲ್ಲ ಅಥವಾ ಸಿಮೆಂಟೇ ಕಡಿಮೆ. ಪ್ರೈಮರ್ (ಅಂಟಿಗೆ ಮುಂಚೆ ಗೋಡೆಗೆ ಬಳಿಯುವ ದ್ರವ) ಬಳಿದರೆ ಮೇಲಿನ ಒಂದೆರಡು ಮಿಲಿಮೀಟರ್ ಗಟ್ಟಿಯಾಗುತ್ತದೆ ಅಷ್ಟೇ. ಕೀಳಬೇಕು.

ಬಣ್ಣ, ಪುಟ್ಟಿ, ಪಿಒಪಿ

ಬಣ್ಣ ಗಟ್ಟಿಯಾಗಿದೆ, ಅದರ ಮೇಲೇ ಅಂಟಿಸೋಣ ಅನ್ನುವ ಮಾತು ಬಂದೇ ಬರುತ್ತದೆ. ಬ್ಲೇಡಿನಿಂದ ಅಡ್ಡ ಉದ್ದ ಗೀರಿ ಸಣ್ಣ ಚೌಕಗಳನ್ನು ಮಾಡಿ, ಮೇಲೆ ಟೇಪು ಒತ್ತಿ ಅಂಟಿಸಿ, ಒಂದೇ ಸಲಕ್ಕೆ ಎಳೆಯಿರಿ. ಚೌಕಗಳು ಟೇಪಿಗೆ ಬಂದರೆ ವಾದ ಮುಗಿಯಿತು. ಬರದೇ ಇದ್ದರೂ ಈ ಕೋಣೆಯಲ್ಲಿ ನಾನು ಬಣ್ಣ ಬಿಡುವುದಿಲ್ಲ. ಒಣ ಗೋಡೆಯಲ್ಲಿ ಹಿಡಿದ ಬಣ್ಣ ತೇವ ಕುಡಿದಾಗ ಬಿಡುತ್ತದೆ, ಈ ಕೋಣೆಯಲ್ಲಿ ತೇವ ಇದ್ದೇ ಇರುತ್ತದೆ ಅಲ್ವಾ.

ಪುಟ್ಟಿಯದೂ ಅದೇ ಕಥೆ. ಅದು ಬಣ್ಣ ಹೊರಲು ಮಾಡಿದ್ದು, ಟೈಲ್ಸ್ ಹೊರಲು ಅಲ್ಲ. ಕೆರೆದು ಗಾರೆ ಕಾಣಬೇಕು.

ಜಿಪ್ಸಮ್ ಗಾರೆ, ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಇದ್ದರೆ ಇನ್ನೂ ಒಂದು ಅಪಾಯ. ಜಿಪ್ಸಮ್ಮಿನಲ್ಲಿ ಸಲ್ಫೇಟ್ ಇದೆ. ತೇವ ಸಿಕ್ಕಾಗ ಅದು ಸಿಮೆಂಟ್ ಅಂಟಿನ ಜೊತೆ ಸೇರಿ ಸೂಜಿಯಂಥ ಹರಳುಗಳನ್ನು ಬೆಳೆಸುತ್ತದೆ. ಆ ಹರಳು ಸಂದಿನಲ್ಲೇ ಬೆಳೆದು ಟೈಲ್ಸನ್ನು ಮೆಲ್ಲಗೆ ಹೊರಗೆ ತಳ್ಳುತ್ತದೆ. ಒಣ ಕೋಣೆಯಲ್ಲಿ ಪ್ರೈಮರ್ ಬಳಿದು ಎರಡನ್ನೂ ಬೇರೆ ಇಡುತ್ತಾರೆ. ಇಲ್ಲಿ ಪೂರ್ತಿ ತೆಗೆದು ಸಿಮೆಂಟ್ ಗಾರೆ ಹಾಕಿಸುವುದು ಒಳ್ಳೆಯದು. ಸ್ವಿಚ್ ಬಾಕ್ಸಿನ ಸುತ್ತ, ವೈರಿನ ಪೈಪಿನ ಉದ್ದಕ್ಕೂ ಎಲೆಕ್ಟ್ರಿಷಿಯನ್ ಬೇಗ ಗಟ್ಟಿಯಾಗಲಿ ಅಂತ ಪಿಒಪಿ ತುಂಬಿರುತ್ತಾರೆ. ಗೋಡೆಯೆಲ್ಲ ಸಿಮೆಂಟ್ ಗಾರೆ ಇದ್ದರೂ ಈ ಬಿಳಿ ಸಾಲುಗಳು ಕಣ್ಣು ತಪ್ಪುತ್ತವೆ. ಅವನ್ನೂ ಕೆತ್ತಿಸಿ.

ಕೊನೆಗೆ ನೀರಿನ ಹನಿ ಪರೀಕ್ಷೆ. ಕೆರೆದು ಒರೆಸಿದ ಗೋಡೆಗೆ ಅಲ್ಲಲ್ಲಿ ಹನಿ ಹಾಕಿ. ಹಾಕಿದ ತಕ್ಷಣ ಮಾಯವಾದರೆ ಗೋಡೆ ಬಾಯಾರಿದೆ, ಅಂಟಿನ ನೀರನ್ನೂ ಹೀಗೇ ಎಳೆದುಕೊಂಡು ಅಂಟು ಬಲಿಯುವ ಮುಂಚೆಯೇ ಒಣಗಿಸುತ್ತದೆ. ಪ್ರೈಮರ್ ಬೇಕು. ಹನಿ ಮುತ್ತಿನ ಹಾಗೆ ಕೂತು ಜಾರಿದರೆ ಎಣ್ಣೆ, ಮೇಣ, ಹಳೆಯ ಬಣ್ಣ ಏನೋ ಉಳಿದಿದೆ. ಕಾಂಕ್ರೀಟ್ ಕಂಬದ ಮೈಮೇಲೆ ಹೀಗಾದರೆ ಶಟರಿಂಗಿಗೆ (ಕಾಂಕ್ರೀಟ್ ಸುರಿಯಲು ಕಟ್ಟಿದ ಹಲಗೆಗೆ) ಬಳಿದ ಎಣ್ಣೆ ಅಂತ ತಿಳಿಯಿರಿ. ಅಲ್ಲಿ ಉಳಿಯಿಂದ ಒತ್ತೊತ್ತಾಗಿ ಕಚ್ಚು ಹಾಕಿಸದೆ ಏನೂ ಹಿಡಿಯುವುದಿಲ್ಲ.

ಬಿರುಕು

ಜೇಡರ ಬಲೆಯ ಹಾಗೆ ಮೇಲ್ಮೈಯಲ್ಲಿ ಹರಡಿದ ಕೂದಲೆಳೆ ಬಿರುಕು ಗಾರೆ ಒಣಗುವಾಗ ಕುಗ್ಗಿದ್ದರಿಂದ ಬಂದದ್ದು. ತಟ್ಟಿ ನೋಡಿ, ಟೊಳ್ಳಿಲ್ಲದಿದ್ದರೆ ಚಿಂತೆ ಬೇಡ. ಇಟ್ಟಿಗೆ ಗೋಡೆ ಕಾಂಕ್ರೀಟ್ ಕಂಬಕ್ಕೆ ಸೇರುವಲ್ಲಿ ನೇರ ನಿಂತ ಬಿರುಕು, ಬೀಮಿನ ಕೆಳಗೆ ಅಡ್ಡ ಬಿರುಕು, ಇವು ಎರಡು ಬೇರೆ ಬೇರೆ ವಸ್ತುಗಳು ಬಿಸಿಲಿಗೆ ಚಳಿಗೆ ಬೇರೆ ಬೇರೆ ಅಳತೆಗೆ ಹಿಗ್ಗಿ ಕುಗ್ಗುವುದರಿಂದ ಬರುತ್ತವೆ. ಗಾರೆ ಕಿತ್ತು ಸಂದಿಗೆ ಎರಡೂ ಕಡೆ 15 ಸೆಂ.ಮೀ. ಬರುವ ಹಾಗೆ ಚಿಕನ್ ಮೆಶ್ (ತೆಳು ತಂತಿಯ ಬಲೆ) ಹೊಡೆದು ಮತ್ತೆ ಗಾರೆ ಮಾಡಿಸಿ. ಮೆಶ್ ಗೋಡೆಗೆ ಬಿಗಿಯಾಗಿರಲಿ, ಸಡಿಲ ಬಿಟ್ಟರೆ ಅದೇ ಟೊಳ್ಳಾಗುತ್ತದೆ. ಪೈಪಿಗಾಗಿ ಗೋಡೆ ಕೊರೆದ ಸಾಲುಗಳ ಮೇಲೂ ಹೀಗೇ ಮಾಡಿ.

ಕಿಟಕಿ ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲಿನ ಹಾಗೆ ಇಳಿದ ಬಿರುಕು ಬೇರೆ ಜಾತಿ. ಅದು ಇನ್ನೂ ಬೆಳೆಯುತ್ತಿದೆಯೇ ಅಂತ ತಿಳಿಯಬೇಕು. ತುದಿಗೆ ಪೆನ್ಸಿಲ್ ಗುರುತು, ನಡುವೆ ಅಡ್ಡಲಾಗಿ ತೆಳ್ಳಗೆ ಒಂದು ಪಟ್ಟಿ ಪಿಒಪಿ ಹಚ್ಚಿ ತಾರೀಖು ಬರೆದಿಡಿ. ಪಟ್ಟಿ ಸೀಳಿದರೆ ಗೋಡೆ ಇನ್ನೂ ಸರಿಯುತ್ತಿದೆ. 5 ಮಿ.ಮೀ.ಗಿಂತ ಅಗಲ ಇದ್ದರೆ ಅಥವಾ ಎರಡೂ ಬದಿ ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಟೈಲ್ಸ್ ಮಾತು ಬದಿಗಿಟ್ಟು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ಬೋರ್ಡಿನ ಗೋಡೆ ಆಗಿದ್ದರೆ

ಜಿಪ್ಸಮ್ ಬೋರ್ಡಿನ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮುಖ್ಯವಾಗಿ ನೆಲದ ಹತ್ತಿರ. ಒಳಗೆ ಹೋದರೆ, ಅಂಚು ಊದಿಕೊಂಡಿದ್ದರೆ, ಸ್ಕ್ರೂ ತಲೆಯ ಸುತ್ತ ತುಕ್ಕಿನ ಕಲೆ ಇದ್ದರೆ ಅದನ್ನು ಒಣಗಿಸಿ ಉಳಿಸಲು ಹೋಗಬೇಡಿ. ಹಸಿರು ಬಣ್ಣದ ತೇವ ತಡೆಯುವ ಬೋರ್ಡಿನ ಒಳಗೂ ಇರುವುದು ಜಿಪ್ಸಮ್ಮೇ. ಹಾಳಾದ ಭಾಗವನ್ನು ಹತ್ತಿರದ ಚೌಕಟ್ಟಿನ ಕಂಬದ ನಡುವಿನವರೆಗೆ ಕತ್ತರಿಸಿ ತೆಗೆದು, ಒಳಗಿನ ಮರ ಮೆತ್ತಗಾಗಿದೆಯೇ, ಕಬ್ಬಿಣ ತುಕ್ಕು ಹಿಡಿದಿದೆಯೇ ನೋಡಿ. ಸಿಂಕಿನ ಹಿಂದೆ, ಮೆಷಿನ್ನಿನ ಹಿಂದೆ ಸಿಮೆಂಟ್ ಬೋರ್ಡ್ ಹಾಕಿಸಿ. ಸ್ಕ್ರೂ 20 ಸೆಂ.ಮೀ.ಗೆ ಒಂದು. ಬೋರ್ಡುಗಳ ನಡುವೆ 3 ಮಿ.ಮೀ. ಸಂದು ಬಿಟ್ಟು ಅದಕ್ಕೆ ಫೈಬರ್ ಗ್ಲಾಸ್ ಟೇಪು ಹಾಕಿ ಟೈಲ್ಸ್ ಅಂಟಿನಿಂದಲೇ ತುಂಬಬೇಕು. ಕಾಗದದ ಟೇಪು ಬೇಡ, ಕೊಳೆಯುತ್ತದೆ. ಬೋರ್ಡನ್ನು ನೆಲಕ್ಕೆ ತಾಗಿಸಬೇಡಿ. ಅರ್ಧ ಇಂಚಿನಷ್ಟು ಎತ್ತಿ ನಿಲ್ಲಿಸಿದರೆ ನೆಲದ ನೀರು ಮೇಲೆ ಏರುವುದಿಲ್ಲ.

ತೂಕದ ಲೆಕ್ಕವನ್ನೂ ಮಾಡಿ. ಬಣ್ಣಕ್ಕೆ ತಯಾರು ಮಾಡಿದ ಜಿಪ್ಸಮ್ ಗಾರೆಯ ಮೇಲೆ ಅಂಟು ಸೇರಿ ಚದರ ಮೀಟರಿಗೆ 20 ಕೆ.ಜಿ., ಬರೀ ಜಿಪ್ಸಮ್ ಬೋರ್ಡಿನ ಮೇಲೆ 32 ಕೆ.ಜಿ. ಅನ್ನುವುದು ಸಾಮಾನ್ಯವಾಗಿ ಪಾಲಿಸುವ ಮಿತಿ. ದಪ್ಪ ಟೈಲ್ಸ್ ಆರಿಸುವ ಮುಂಚೆ ಇದು ತಲೆಯಲ್ಲಿರಲಿ. ಒತ್ತಿದರೆ ಗೋಡೆ ಬಾಗುತ್ತದೆ ಅಂದರೆ ಚೌಕಟ್ಟಿಗೆ ಅಡ್ಡಪಟ್ಟಿ ಕೊಡಿಸಿ. ಬಾಗುವ ಗೋಡೆಯ ಪಕ್ಕ ಮೆಷಿನ್ ಅದುರಿದರೆ ಮೊದಲು ಒಡೆಯುವುದು ಗ್ರೌಟ್, ಅಂದರೆ ಟೈಲ್ಸ್ ಸಂದಿಗೆ ತುಂಬುವ ಪುಡಿ ಗಾರೆ.

ಗೋಡೆ ಸೊಟ್ಟ

2 ಮೀಟರ್ ಅಲ್ಯೂಮಿನಿಯಂ ಪಟ್ಟಿಯನ್ನು ನೇರ, ಅಡ್ಡ, ಓರೆ ಎಲ್ಲ ದಿಕ್ಕಿಗೂ ಇಟ್ಟು ನೋಡಿ. ಕೆಳಗೆ 3 ಮಿ.ಮೀ.ಗಿಂತ ಜಾಸ್ತಿ ಸಂದು ಕಾಣಬಾರದು. ಉಬ್ಬನ್ನು ಗ್ರೈಂಡರಿನಿಂದ ತೆಗೆಯಿರಿ, ತಗ್ಗನ್ನು ಗಾರೆಯಿಂದ ತುಂಬಿ. ಅಂಟಿನಿಂದ ತುಂಬುತ್ತೇನೆ ಅನ್ನುವ ಟೈಲ್ಸ್ ಕೆಲಸದವರಿಗೆ ಬೇಡ ಅನ್ನಿ. ದಪ್ಪ ಬಿದ್ದ ಕಡೆ ಅಂಟು ಕುಗ್ಗಿ ಟೈಲ್ಸನ್ನು ಒಳಗೆ ಎಳೆಯುತ್ತದೆ. ಮೂಲೆ ಚೌಕ ಇದೆಯೇ ಅಂತ ನೋಡಲು ಮೂಲೆಯಿಂದ ಒಂದು ಗೋಡೆಗೆ 60 ಸೆಂ.ಮೀ., ಇನ್ನೊಂದಕ್ಕೆ 80 ಸೆಂ.ಮೀ. ಗುರುತು ಮಾಡಿ. ನಡುವಿನ ಅಳತೆ ಸರಿಯಾಗಿ 100 ಬಂದರೆ ಚೌಕ. ಒಂದೆರಡು ಸೆಂಟಿಮೀಟರ್ ಆಚೆ ಈಚೆ ಇದ್ದರೆ ಗೋಡೆ ಒಡೆಯುವುದಕ್ಕಿಂತ ಮೆಷಿನ್ ಮರೆಮಾಡುವ ಮೂಲೆಯಲ್ಲಿ ಕತ್ತರಿಸಿದ ಟೈಲ್ಸ್ ಬರುವ ಹಾಗೆ ಹಂಚಿಕೊಳ್ಳಿ.

ಕ್ಯೂರಿಂಗ್, ವಾಟರ್‌ಪ್ರೂಫಿಂಗ್

ಹೊಸ ಗಾರೆಗೆ 7 ದಿನ ನೀರು ಹಾಕಿ. ಆಮೇಲೆ ಒಣಗಲು ಬಿಡಿ, ಎಲ್ಲ ಸೇರಿ 28 ದಿನ ಆಗುವವರೆಗೆ ಕಾದರೆ ಗಾರೆ ಕುಗ್ಗುವುದೆಲ್ಲ ಹೆಚ್ಚುಕಡಿಮೆ ಮುಗಿದಿರುತ್ತದೆ. ಬೇಗ ಟೈಲ್ಸ್ ಹಾಕಿದರೆ ಆ ಕುಗ್ಗುವಿಕೆ ಅಂಟಿನ ಮೇಲೆ ಬೀಳುತ್ತದೆ.

ಈಗ ವಾಟರ್‌ಪ್ರೂಫಿಂಗ್. ನೆಲವೂ ಗೋಡೆಯೂ ಸೇರುವ ಮೂಲೆಗೆ, ಎರಡು ಗೋಡೆ ಸೇರುವ ಮೂಲೆಗೆ, ನಲ್ಲಿಯ ಪೈಪಿನ ಸುತ್ತ ಮೊದಲು ಟೇಪು ಕೂರಿಸಿ. ನೆಲದ ಪದರ ಗೋಡೆಯ ಮೇಲೆ ಕನಿಷ್ಠ 15 ಸೆಂ.ಮೀ. ಏರಬೇಕು. ಸಿಂಕಿನ ಹಿಂದೆ ನೀರು ಎರಚುವ ಎತ್ತರದವರೆಗೂ ಬಳಿಸಿ. ಎರಡು ಕೋಟ್, ಒಂದು ಅಡ್ಡ, ಒಂದು ಉದ್ದ, ಮೊದಲನೆಯದು ಒಣಗಿದ ಮೇಲೇ ಎರಡನೆಯದು. ಎರಡಕ್ಕೂ ಬೇರೆ ಬಣ್ಣ ಸಿಕ್ಕರೆ ತಪ್ಪಿದ ಜಾಗ ಕಣ್ಣಿಗೆ ಕಾಣುತ್ತದೆ. ನೀವು ತರುವ ಟೈಲ್ಸ್ ಅಂಟು ಆ ಪದರದ ಮೇಲೆ ಹಿಡಿಯುತ್ತದೆ ಅಂತ ಚೀಲದ ಮೇಲೆ ಬರೆದಿದೆಯೇ ಓದಿ. ಮೂಲೆಗಳ ಸಂದಿಗೆ ಕೊನೆಯಲ್ಲಿ ಗ್ರೌಟ್ ಬೇಡ, ಸಿಲಿಕೋನ್ ಹಾಕಿಸಿ.

ಒಂದೇ ಟೈಲ್ಸ್ ಹಾಕಿ ಕಿತ್ತು ನೋಡಿ

ವಾಟರ್‌ಪ್ರೂಫಿಂಗ್ ಶುರುವಾಗುವ ಎರಡು ಮೂರು ದಿನ ಮುಂಚೆ, ನಿಮಗೆ ಜಾಸ್ತಿ ಅನುಮಾನ ಇರುವ ಜಾಗದಲ್ಲಿ ಒಂದು ಟೈಲ್ಸ್ ಕೂರಿಸಿ. ವಾಟರ್‌ಪ್ರೂಫಿಂಗ್ ಆದ ಗೋಡೆಯಲ್ಲಿ ಕಿತ್ತರೆ ಪದರ ಹರಿಯುತ್ತದೆ, ಹಾಗಾಗಿ ಈ ಪರೀಕ್ಷೆಯನ್ನು ಅದಕ್ಕೂ ಮುಂಚೆ, ಬರಿಯ ಗಾರೆಯ ಮೇಲೆ ಮಾಡಿಕೊಳ್ಳಿ. 48 ಗಂಟೆ ಬಿಟ್ಟು ಉಳಿ ಇಟ್ಟು ಎಬ್ಬಿಸಿ. ಟೈಲ್ಸ್ ಚೂರು ಚೂರಾಗಿ ಬಂದರೆ ಅಥವಾ ಅಂಟೇ ನಡುವೆ ಹರಿದು ಎರಡೂ ಕಡೆ ಉಳಿದರೆ ಗೋಡೆ ತಯಾರಾಗಿದೆ. ಅಂಟು ಗೋಡೆಯಿಂದ ಇಡಿಯಾಗಿ, ಧೂಳಿನ ಪದರದ ಜೊತೆ ಎದ್ದರೆ ಮತ್ತೆ ಒರೆಸಿ, ಪ್ರೈಮರ್ ಬಳಿದು, ಇನ್ನೊಂದು ಹಾಕಿ ನೋಡಿ. ಗಾರೆಯೇ ಕಿತ್ತು ಬಂದರೆ ಆ ಗೋಡೆಯ ಗಾರೆಗೆ ಟೈಲ್ಸ್ ಹೊರುವ ಶಕ್ತಿ ಇಲ್ಲ, ಮೊಳೆಯ ಪರೀಕ್ಷೆಯಲ್ಲಿ ತಪ್ಪಿಸಿಕೊಂಡಿದೆ ಅಷ್ಟೇ. ಅಷ್ಟು ಜಾಗದ ಗಾರೆ ಇಳಿಸಿ ಹೊಸದು ಹಾಕಿಸಿ, ಮತ್ತೆ 28 ದಿನ.